ಮೂಗಕ್ಕನ ಶೆಡ್ಡಿನಲ್ಲಿ ಬೆಂಕಿ

ಅವಳನ್ನು ಎಲ್ಲರೂ ಮೂಗಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ, ಪಾಪ, ಮಾತು ಬಾರದ ಹೆಂಗಸಿರಬೇಕು ಎಂದುಕೊಂಡು ಶೆಡ್ಡಿಗೆ ಬಂದವರು ಬಾನೆಟ್ ಎತ್ತುವಷ್ಟರಲ್ಲಿ ಅವಳ ಬಾಯಿಗೆ ಸಿಕ್ಕಿ ಸುಸ್ತಾಗುತ್ತಿದ್ದರು. "ಆಯಿಲ್ ಬದಲಾಯಿಸಿ ಎಷ್ಟು ಕಾಲ ಆಯ್ತು? ಸುಳ್ಳು ಹೇಳ್ಬೇಡಿ. ಇದು ಆಯಿಲ್ ಅಲ್ಲ, ಡಾಂಬರು. ಗಾಡಿಗೆ ಬಾಯಿದ್ದಿದ್ರೆ ನಿಮ್ಮನ್ನ ಉಗೀತಿತ್ತು."

ಆ ಹೆಸರು ಬಂದದ್ದು ಅವಳ ಮೂಗಿನಿಂದ. ಹುಡುಗಿಯಾಗಿದ್ದಾಗ ಸೋದರಮಾವನ ಗ್ಯಾರೇಜಿನಲ್ಲಿ ಕಾರ್ಬುರೇಟರ್ ತೊಳೆಯುತ್ತ ಕೆಲಸ ಕಲಿತವಳು. ಸ್ಟಾರ್ಟ್ ಮಾಡಿದ ಗಾಡಿಯ ಹಿಂದೆ ಹೋಗಿ ಸೈಲೆನ್ಸರಿನ ಹೊಗೆಯನ್ನು ಒಂದೇ ಒಂದು ಸಲ ಮೂಸಿ "ಜಾಸ್ತಿ ಕುಡೀತಿದೆ" ಎಂದೋ "ಒಣಗಿ ಉರೀತಿದೆ" ಎಂದೋ ಹೇಳಿಬಿಡುತ್ತಿದ್ದಳು. ಮಾವ ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಅವಳ ಮಾತೇ ನಿಜವಾಗಿರುತ್ತಿತ್ತು. ಮೂಗಕ್ಕ ಎಂದು ಮೊದಲು ಕರೆದವನು ಅವನೇ. ಮುಂದೆ ಸೈಲೆನ್ಸರ್ ಬೆಸುಗೆ ಹಾಕಲು ಬರುತ್ತಿದ್ದ ವೆಲ್ಡರನನ್ನೇ ಅವಳು ಮದುವೆಯಾದಳು. ಗಂಡ ಅವಳ ತದ್ವಿರುದ್ಧ, ಮಾತು ಕಮ್ಮಿ. ಬಾಯಲ್ಲಿ ಆಡಬೇಕಾದ್ದನ್ನೆಲ್ಲ ಕೈಯಲ್ಲಿ ಆಡುತ್ತಾನೆ ಎಂದು ಅವಳು ಹೇಳುತ್ತಿದ್ದಳು. ಅವನು ಹಾಕಿದ ಬೆಸುಗೆ ಮೀನಿನ ಹುರುಪೆಗಳ ಹಾಗೆ ಒಂದರ ಮೇಲೊಂದು ಒರಗಿಕೊಂಡು ಸಾಲಾಗಿ ಕೂರುತ್ತಿತ್ತು.

ಹಳೆಯ ಗೋದಾಮುಗಳ ಹಿಂದಿನ ಬೀದಿಯಲ್ಲಿ, ಒಂದು ಟೈರಿನ ಅಂಗಡಿಗೂ ಒಬ್ಬ ಗಾಜು ಕತ್ತರಿಸುವವನ ಅಂಗಡಿಗೂ ನಡುವೆ ಅವರ ಶೆಡ್ಡು. ಒಂದು ಅಂಕಣ ಅವಳದು, ಪಕ್ಕದ್ದು ಗಂಡನದು. ನೆಲವನ್ನು ತೊಳೆದ ನೀರು ಹರಿದುಹೋಗಲೆಂದು ಸಿಮೆಂಟಿನಲ್ಲೇ ಸಣ್ಣದೊಂದು ಕಾಲುವೆ ಬಿಟ್ಟಿದ್ದರು. ಅದು ಅವಳ ಅಂಕಣದಿಂದ ಹೊರಟು ಗಂಡನ ಅಂಕಣ ದಾಟಿ ಹೊರಗಿನ ಚರಂಡಿಗೆ ಸೇರುತ್ತಿತ್ತು. ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂರನೆಯವರೆಂದರೆ ಅತ್ತೆ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಬಂದು, ಬಂದ ಗಿರಾಕಿಗಳನ್ನೆಲ್ಲ ಮಾತಾಡಿಸಿ, ಖಾಲಿ ಡಬ್ಬಿ ಹಿಡಿದು ಹೋಗುವುದು ಆಕೆಯ ದಿನಚರಿ.

ಆ ಬೀದಿಗೆ ಬರುತ್ತಿದ್ದವು ಹೆಚ್ಚಾಗಿ ಟರ್ಬೊ ಹಾಕಿಸಿದ ಕಾರುಗಳು. ಕಂಪನಿಯಿಂದ ಸಾಧುವಾಗಿ ಬಂದ ಗಾಡಿಗಳಿಗೆ ಹೊರಗಿನಿಂದ ಟರ್ಬೊ ಕೂರಿಸಿ ಹುಚ್ಚು ಹಿಡಿಸುವ ಗೀಳು ಕೆಲವರಿಗೆ. ಪೈಪುಗಳ ಬೆಸುಗೆ ಗಂಡನದು, ಪೆಟ್ರೋಲಿನ ಒತ್ತಡ ಹೊಂದಿಸುವುದು ಅವಳದು. ಹೊಸಬರಿಗೆ ಅವಳು ಹೀಗೆ ವಿವರಿಸುತ್ತಿದ್ದಳು: "ಟರ್ಬೊ ಅಂದ್ರೆ ಇಂಜಿನ್ನಿಗೆ ಬಲವಂತವಾಗಿ ಗಾಳಿ ತುರುಕೋ ಫ್ಯಾನು, ಅಷ್ಟೇ. ಗಾಳಿ ಜಾಸ್ತಿ ಆದ ಹಾಗೆ ಪೆಟ್ರೋಲೂ ಜಾಸ್ತಿ ಬೇಕು. ಕೊಡ್ಲಿಲ್ವೋ, ಒಣಗಿ ಉರಿದು ಪಿಸ್ಟನ್ ಕರಗಿ ಹೋಗುತ್ತೆ. ಕೊಡಿಸೋದು ಈ ಪುಟ್ಟ ಡಬ್ಬಿ ಕೆಲಸ. ರೆಗ್ಯುಲೇಟರ್ ಅಂತಾರೆ. ಗಾಳಿ ಎಷ್ಟು ಒತ್ತುತ್ತೋ ಪೆಟ್ರೋಲೂ ಅಷ್ಟೇ ಎದುರು ಒತ್ತಿ ನಿಲ್ಬೇಕು. ನಾನೂ ನಮ್ಮತ್ತೆಯೂ ಇದ್ದ ಹಾಗೆ."

"ಅದ್ರಲ್ಲಿ ನಾನು ಗಾಳಿಯೋ ಪೆಟ್ರೋಲೋ?" ಎಂದು ಅತ್ತೆ ಡಬ್ಬಿಯ ಮುಚ್ಚಳ ತೆಗೆಯುತ್ತ ಕೇಳುತ್ತಿದ್ದರು.

"ನೀವು ಬೆಂಕಿಕಡ್ಡಿ ಅತ್ತೆ."

ಆಗೆಲ್ಲ ಈ ಮಾತಿಗೆ ಎಲ್ಲರೂ ನಗುತ್ತಿದ್ದರು.

ಒಂದು ವರ್ಷ ಮನೆಯಲ್ಲಿ ಮೂವರಿಗೂ ಜ್ವರ ಬಂತು. ಮೊದಲು ಅತ್ತೆ ಮಲಗಿದರು, ಅವರ ಹಿಂದೆಯೇ ಗಂಡ, ಕೊನೆಗೆ ಇವಳು. ಮೂವರಿಗೂ ನಾಲಿಗೆಯ ರುಚಿಯೂ ಮೂಗಿನ ವಾಸನೆಯೂ ಹೋದವು. ಅನ್ನವೂ ಒಂದೇ ಮಣ್ಣೂ ಒಂದೇ ಎಂದು ತಮಾಷೆ ಮಾಡಿಕೊಂಡರು. ಜ್ವರ ಬಿಟ್ಟ ಮೇಲೆ ಅತ್ತೆಗೆ ವಾಸನೆ ಮರಳಿತು, ಗಂಡನಿಗೂ ಮರಳಿತು. "ನಿಂಗೆ?" ಎಂದು ಗಂಡ ಕೇಳಿದಾಗ ಅವಳು "ಬಂತು ಬಂತು" ಎಂದುಬಿಟ್ಟಳು. ಇವತ್ತಲ್ಲ ನಾಳೆ ಬಂದೇ ಬರುತ್ತದೆ, ಅಷ್ಟಕ್ಕೆ ಅವರನ್ನೇಕೆ ಗಾಬರಿಪಡಿಸಬೇಕು ಎಂದುಕೊಂಡಿದ್ದಳು.

ಶೆಡ್ಡು ತೆರೆದ ಮೊದಲ ದಿನ ಪೆಟ್ರೋಲಿನ ಕ್ಯಾನಿನ ಮುಚ್ಚಳ ತಿರುಗಿಸಿ ಬಾಯಿಗೆ ಮೂಗು ಹಿಡಿದಳು. ಏನೂ ಇಲ್ಲ. ಕ್ಯಾನು ಅಲ್ಲಾಡಿಸಿದಳು, ಒಳಗೆ ಕುಲುಕಿತು. ಬೆರಳು ಅದ್ದಿದಳು, ತಣ್ಣಗೆ ಆರಿಹೋಯಿತು. ನೀರಿನ ಕೊಡಕ್ಕೆ ಮುಖವಿಟ್ಟ ಹಾಗಿತ್ತು. ಆಮೇಲೆ ಓಡುತ್ತಿದ್ದ ಇಂಜಿನ್ನಿನ ಹಿಂದೆ ಬಗ್ಗಿದಳು. ಹೊಗೆ ಕಣ್ಣಿಗೆ ಉರಿಯಿತೇ ಹೊರತು ಮೂಗಿಗೆ ಏನನ್ನೂ ಹೇಳಲಿಲ್ಲ.

ವಾರಗಳು ಕಳೆದವು, ತಿಂಗಳುಗಳು ಕಳೆದವು. ಬರಲಿಲ್ಲ. ದೂರದ ಬಡಾವಣೆಯಲ್ಲಿ ಯಾರಿಗೂ ತಿಳಿಯದ ಹಾಗೆ ಒಬ್ಬ ಡಾಕ್ಟರನ್ನು ಕಂಡಳು. ಅವರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ನರಕ್ಕೆ ಪೆಟ್ಟು ಬಿದ್ದಿದೆ. ಬಂದ್ರೆ ಬರಬಹುದು, ಇಲ್ಲಾಂದ್ರೆ ಇಲ್ಲ. ಅಡುಗೆಮನೆಲಿ ಗ್ಯಾಸ್ ಹುಷಾರು" ಎಂದರು. ನೀವು ಏನು ಕೆಲಸ ಮಾಡುತ್ತೀರಿ ಎಂದು ಅವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಅಲ್ಲಿಂದ ಮುಚ್ಚಿಡುವುದೇ ಒಂದು ಕಸುಬಾಯಿತು. ಹೊಗೆ ಮೂಸುವ ಶಾಸ್ತ್ರ ಮಾಡಿ, ಪ್ಲಗ್ಗಿನ ಬಣ್ಣ ನೋಡಿ ಹೇಳುವಳು. ಪೆಟ್ರೋಲ್ ಪೈಪಿನ ಪ್ರತಿ ಜೋಡಣೆಯ ಸುತ್ತ ತೆಳುವಾದ ಕಾಗದ ಸುತ್ತಿ, ಎಲ್ಲಾದರೂ ಒದ್ದೆಯಾಗುತ್ತದೆಯೇ ಎಂದು ಕಾಯುವಳು. ಅನುಮಾನ ಬಂದರೆ ಗಂಡನತ್ತ ತಿರುಗಿ, "ಏನೋ ವಾಸನೆ ಬರ್ತಿದೆ ಅಲ್ವಾ?" ಎಂದು ಬೀಸುಬಲೆ ಹಾಕುವಳು. ಅವನು "ಇಲ್ವಲ್ಲ" ಎಂದರೆ ಇಲ್ಲ, "ಹೂಂ, ರಬ್ಬರ್ ಸುಟ್ಟ ಹಾಗಿದೆ" ಎಂದರೆ ಇದೆ. ಮನೆಯಲ್ಲಿ ಮಾತ್ರ ಎಡವಟ್ಟಾಗುತ್ತಿತ್ತು. ಒಂದು ಬೆಳಿಗ್ಗೆ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕರಿಕಾಗಿ ಮನೆಯೆಲ್ಲ ಹೊಗೆ ತುಂಬಿದ್ದರೂ ಅವಳು ಒಲೆಗೆ ಬೆನ್ನು ಹಾಕಿಕೊಂಡು ಬಟ್ಟೆ ಮಡಿಸುತ್ತಿದ್ದಳು. ಅತ್ತೆ ಬಂದು ಒಲೆ ಆರಿಸಿದರು. ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, ಏನೂ ಅನ್ನದೆ ಪಾತ್ರೆಯನ್ನು ನೀರಿಗೆ ಹಾಕಿದರು.

ಅವಳಿಗೆ ಹೆಚ್ಚು ನೋವು ಕೊಟ್ಟದ್ದು ಇವು ಯಾವುವೂ ಅಲ್ಲ. ಗಂಡನ ಮೈಗೆ ಒಂದು ವಾಸನೆ ಇತ್ತು, ಸುಟ್ಟ ಕಬ್ಬಿಣ ಮತ್ತು ಸೋಪು ಬೆರೆತದ್ದು. ಮದುವೆಯಾದಾಗಿನಿಂದ ಅದರ ಪಕ್ಕದಲ್ಲೇ ಅವಳು ನಿದ್ದೆ ಹೋಗಿದ್ದಳು. ಈಗ ಗೋಡೆಗೆ ಒರಗಿ ಮಲಗಿದ ಹಾಗೆ. ಇದನ್ನಾದರೂ ಅವನಿಗೆ ಹೇಳಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಹೇಳಿದರೆ ಉಳಿದದ್ದೂ ಹೊರಬರುತ್ತದೆ. ಮೂಗಿಲ್ಲದ ಮೂಗಕ್ಕನ ಹತ್ತಿರ ಯಾರು ಗಾಡಿ ಬಿಡುತ್ತಾರೆ? ಅಷ್ಟು ಮಾತಾಡುವವಳು ಇದೊಂದನ್ನು ಆಡಲಾರದೆ ಹೋದಳು.

ಅವರ ಹಳೆಯ ಗಿರಾಕಿಗಳಲ್ಲಿ ಒಬ್ಬ ಬಸ್ ಡ್ರೈವರ್. ಇವಳನ್ನು ಅಕ್ಕ ಎಂದೂ ಅವಳ ಗಂಡನನ್ನು ಭಾವ ಎಂದೂ ಕರೆಯುತ್ತಿದ್ದ. ವಾರವಿಡೀ ಜನ ತುಂಬಿದ ಬಸ್ಸನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಉರುಳಿಸಿ ಬೇಸತ್ತವನು, ರಜೆಯ ದಿನಗಳಿಗೆಂದು ಒಂದು ಹಳೆಯ ಪುಟ್ಟ ಕಾರಿಗೆ ಟರ್ಬೊ ಹಾಕಿಸಿಕೊಂಡಿದ್ದ. ಒಂದೊಂದೇ ಭಾಗ ಕೂಡಿಸುತ್ತ ಬಂದು, ಆ ಸಲ ದೊಡ್ಡ ಪೆಟ್ರೋಲ್ ಪಂಪು, ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರುಗಳು, ಹೊಸ ರೆಗ್ಯುಲೇಟರ್ ತಂದಿದ್ದ. ಅವನ್ನು ಕೂರಿಸುವಾಗ ಮೂಗಕ್ಕ ಇಂಜಿನ್ನಿನ ಹಿಂಬದಿಯಲ್ಲಿದ್ದ ರಬ್ಬರ್ ಪೈಪನ್ನು ಹಿಚುಕಿ ನೋಡಿ, "ಇದೂ ಬದಲಾಗ್ಲಿ ಕಣಪ್ಪ, ಗಟ್ಟಿಯಾಗಿದೆ" ಎಂದಳು.

"ಚೆನ್ನಾಗೇ ಇದೆಯಲ್ಲ ಅಕ್ಕ. ಇವತ್ತು ಹೊಂದಿಸಿಬಿಡಿ, ಮುಂದಿನ ಸಲ ಬಂದಾಗ ಹಾಕಿಸ್ತೀನಿ."

ಅವಳು ಒತ್ತಾಯಿಸಲಿಲ್ಲ. ಆ ಪೈಪು ಇದ್ದ ಜಾಗ ಕೈಗೆ ಕಷ್ಟ, ಕಣ್ಣಿಗೆ ಇನ್ನೂ ಕಷ್ಟ. ಹಾಗಾಗಿ ಕಾಗದವನ್ನು ಮುಂದಿನ ಜೋಡಣೆಗಳಿಗೆಲ್ಲ ಸುತ್ತಿ, ಹಿಂದಿನದಕ್ಕೆ ಸುತ್ತಲಿಲ್ಲ.

ಪಕ್ಕದ ಅಂಕಣದಲ್ಲಿ ಗಂಡ ಒಂದು ಬೆಸುಗೆಯನ್ನು ಗ್ರೈಂಡರಿನಿಂದ ನಯ ಮಾಡುತ್ತಿದ್ದ. ಶೆಡ್ಡಿಗೊಂದು ನಿಯಮವಿತ್ತು, ಅದು ಅವಳೇ ಮಾಡಿದ್ದು: ಪೆಟ್ರೋಲ್ ಪೈಪು ಬಿಚ್ಚಿದರೆ ಕಿಡಿ ಬಂದ್. ಅವಳು "ಬಿಚ್ತಿದ್ದೀನಿ ರೀ" ಎಂದು ಕೂಗಿದಳು. ಅವನು ಗ್ರೈಂಡರ್ ಆರಿಸಿ, ಮೂಗುಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚದೆಯೇ, ಕಾಯುತ್ತ ಕುಳಿತ.

ಅವಳು ಒತ್ತಡ ತೋರಿಸುವ ಗೇಜು ಜೋಡಿಸಿ, ಗಿರಾಕಿಯನ್ನು ಕಾರಿನಲ್ಲಿ ಕೂರಿಸಿ ಇಂಜಿನ್ ಸ್ಟಾರ್ಟ್ ಮಾಡಿಸಿದಳು. ರೆಗ್ಯುಲೇಟರಿನ ತಲೆಯಿಂದ ಸಣ್ಣ ಗಾಳಿಪೈಪನ್ನು ಕಿತ್ತು, ಅದರ ಬಾಯಿಗೆ ಒಂದು ಬೋಲ್ಟು ತುರುಕಿದಳು. ಲಾಕ್‌ನಟ್ ಸಡಿಲಿಸಿ, ಗೇಜಿನ ಮುಳ್ಳಿನ ಮೇಲೆ ಕಣ್ಣಿಟ್ಟು ಸ್ಕ್ರೂವನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿದಳು. ಮುಳ್ಳು ಮೂರಕ್ಕೆ ಬಂದು ನಿಂತಿತು. ನಟ್ ಬಿಗಿದಳು. ಬಿಗಿಯುವಾಗ ಮುಳ್ಳು ಕದಲಿದ್ದರಿಂದ ಮತ್ತೆ ಸಡಿಲಿಸಿ ಮತ್ತೆ ಬಿಗಿದಳು. ಆಮೇಲೆ ಒಂದು ಕೈಪಂಪನ್ನು ರೆಗ್ಯುಲೇಟರಿಗೆ ಸೇರಿಸಿ, ಟರ್ಬೊ ಒತ್ತುವ ಹಾಗೆ ತಾನೇ ಗಾಳಿ ಒತ್ತಿದಳು. ಗಾಳಿ ಏರಿದ ಹಾಗೆ ಪೆಟ್ರೋಲಿನ ಮುಳ್ಳೂ ಏರಿತು. ಅಳತೆಗೆ ಅಳತೆ. ಇಷ್ಟು ಚಂದವಾಗಿ ಹೊಂದುವುದು ಅಪರೂಪ. ಅವಳಿಗೆ ಖುಷಿಯಾಯಿತು, ಇನ್ನೊಮ್ಮೆ ಒತ್ತಿದಳು.

ಆ ಹೆಚ್ಚಿನ ಒತ್ತಡಕ್ಕೆ ಹಿಂದಿನ ಗಟ್ಟಿಪೈಪು ಕ್ಲಿಪ್ಪಿನ ಬುಡದಲ್ಲಿ ಸೀಳಿತ್ತು.

ಡ್ರೈವರ್ ಸೀಟಿನಲ್ಲಿ ಕೂತವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕ, ಪೆಟ್ರೋಲ್ ವಾಸನೆ ಬರ್ತಿದೆ" ಎಂದ.

"ಪೈಪು ಬಿಚ್ಚಿದ್ದಲ್ವೇನಪ್ಪ, ಮಲ್ಲಿಗೆ ವಾಸನೆ ಬರುತ್ತಾ?"

ಅವನು ನಕ್ಕು ತಲೆ ಒಳಗೆಳೆದುಕೊಂಡ. ಅವಳು ಕಾಗದಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲ ಒಣಗಿದ್ದವು. ಇಂಜಿನ್ ಆರಿಸಲು ಹೇಳಿ, ಗಾಳಿಪೈಪನ್ನು ಅದರ ಜಾಗಕ್ಕೆ ಕೂರಿಸಿದಳು.

"ಆಯ್ತಾ? ಮೂಸಿದ್ಯಾ?" ಎಂದು ಗಂಡ ಪಕ್ಕದಿಂದ ಕೇಳಿದ. ಪ್ರತಿ ಸಲವೂ ಕೇಳುತ್ತಿದ್ದ ಮಾತು. ಅವನಿಗೆ ಕಾಗದವೂ ಬೇಕಿರಲಿಲ್ಲ, ಗೇಜೂ ಬೇಕಿರಲಿಲ್ಲ.

ಅವಳು ಬಾನೆಟ್ಟಿನ ಮೇಲೆ ಬಗ್ಗಿ, ಅವನಿಗೆ ಕೇಳಿಸುವ ಹಾಗೆ ಎರಡು ಸಲ ಉಸಿರೆಳೆದುಕೊಂಡಳು.

"ಏನಿಲ್ಲ. ಹಚ್ಚಿ."

ಕಾರಿನ ಅಡಿಯಲ್ಲಿ ನಿಂತಿದ್ದ ಪೆಟ್ರೋಲ್ ಅಷ್ಟು ಹೊತ್ತಿಗಾಗಲೇ ಸಿಮೆಂಟಿನ ಕಾಲುವೆ ಹಿಡಿದು ಅವನ ಕಾಲ ಬುಡಕ್ಕೆ ಹೋಗಿತ್ತು. ಗ್ರೈಂಡರಿನ ಮೊದಲ ಕಿಡಿಗಳು ನೆಲಕ್ಕೆ ಬಿದ್ದವು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಕಂಬಳಿ ಕೊಡವಿದ ಹಾಗೆ ಒಂದು ಶಬ್ದ, ಅಷ್ಟೇ. ಅವಳು ತಿರುಗಿ ನೋಡಿದಾಗ ಗಂಡ ಸೊಂಟದವರೆಗೆ ಬೆಂಕಿಯಲ್ಲಿ ನಿಂತು, ಎರಡೂ ಕೈಗಳಿಂದ ತನ್ನ ಪ್ಯಾಂಟನ್ನು ಬಡಿದುಕೊಳ್ಳುತ್ತಿದ್ದ. ಬಡಿದ ಕೈಗೂ ಹತ್ತಿಕೊಂಡಿತ್ತು.

ಡ್ರೈವರ್ ಕಾರಿನಿಂದ ಹಾರಿ, ಗೋಡೆಯ ಮೇಲಿದ್ದ ಕೆಂಪು ಸಿಲಿಂಡರ್ ಕಿತ್ತುಕೊಂಡು ಬಿಳಿಪುಡಿ ಚೆಲ್ಲಿದ. ಅವಳು ಕಾರು ಮುಚ್ಚುವ ದಪ್ಪ ಬಟ್ಟೆಯನ್ನು ಗಂಡನ ಮೇಲೆ ಹಾಕಿ, ಬಟ್ಟೆಯ ಸಮೇತ ಅವನನ್ನು ಕೆಡವಿ, ಮೇಲೆ ಬಿದ್ದಳು. ಟೈರಿನ ಅಂಗಡಿಯವರು ಮರಳು ತಂದು ಸುರಿದರು. ಗೋಡೆ ಕಪ್ಪಾಯಿತು, ಕಾರಿನ ಮುಂಭಾಗ ಕರಗಿತು, ಶೆಡ್ಡು ಉಳಿಯಿತು.

ಅಗ್ನಿಶಾಮಕದವರು ಬಂದು ಹುಡುಕಿ, ಸೀಳಿದ ಪೈಪಿನ ತುಂಡನ್ನು ಇಕ್ಕಳದಲ್ಲಿ ಎತ್ತಿ ತೋರಿಸಿದರು. "ಹಳೇ ಪೈಪು. ಇದೇ ಕಾರಣ." ಬೀದಿಯವರೆಲ್ಲ ಡ್ರೈವರನತ್ತ ನೋಡಿದರು. ಅವನು ತನ್ನ ಅಂಗೈಗಳನ್ನೇ ನೋಡುತ್ತ ನಿಂತಿದ್ದ. ಮೂಗಕ್ಕ ಏನೂ ಹೇಳಲಿಲ್ಲ. ಹೇಳುವ ಹೊತ್ತು ಅದಾಗಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಮಾರನೆಯ ದಿನವೂ ಅದಾಗಿರಲಿಲ್ಲ. ಅದರ ಮಾರನೆಯ ದಿನವೂ.

ಸುಟ್ಟಗಾಯದ ವಾರ್ಡಿನಲ್ಲಿ ಆರು ಮಂಚ. ಗಂಡನದು ಕಿಟಕಿಯ ಪಕ್ಕದ್ದು. ಕಾಲುಗಳು ಹೇಗೋ ಒಣಗುತ್ತ ಬಂದವು, ಕೈಗಳು ಕೇಳಲಿಲ್ಲ. ದಿನ ಬಿಟ್ಟು ದಿನ ಪಟ್ಟಿ ಬಿಚ್ಚಿ ಸತ್ತ ಚರ್ಮ ತೆಗೆದು ಮತ್ತೆ ಕಟ್ಟುತ್ತಿದ್ದರು. ಆ ಹೊತ್ತಿಗೆ ಬೇರೆ ಮಂಚಗಳ ಸಂಬಂಧಿಕರು ಕರ್ಚೀಫು ಒತ್ತಿಕೊಂಡು ಹೊರಗೆ ಓಡುತ್ತಿದ್ದರು. ಹೆತ್ತ ತಾಯಿ, ಅತ್ತೆಯೇ, ಒಂದು ಸಲ ನಿಲ್ಲಲು ನೋಡಿ ಕಾರಿಡಾರಿನ ಬೇಸಿನ್ನಿಗೆ ಬಗ್ಗಿ ವಾಂತಿ ಮಾಡಿಕೊಂಡರು. ಮೂಗಕ್ಕ ಮಾತ್ರ ಗಂಡನ ಭುಜ ಹಿಡಿದು, ಹುಣ್ಣಿನ ಮೇಲೇ ಮುಖವಿಟ್ಟು, ಕದಲದೆ ನಿಲ್ಲುತ್ತಿದ್ದಳು. ನರ್ಸಿಗೆ ಕತ್ತರಿ ಕೊಡುವಳು, ಬಿಚ್ಚಿದ ಪಟ್ಟಿಯನ್ನು ಬಕೆಟ್ಟಿಗೆ ಹಾಕುವಳು.

ಒಂದು ದಿನ ಪಟ್ಟಿ ಕಟ್ಟುತ್ತಿದ್ದ ಹಿರಿಯ ನರ್ಸಮ್ಮ ಕೆಲಸದ ನಡುವೆ ತಲೆಯೆತ್ತಿ ಗಂಡನಿಗೆ ಹೇಳಿದಳು. "ನಿಮ್ಮ ಹೆಂಡ್ತಿ ಗಟ್ಟಿಗಿತ್ತಿ ಕಣ್ರಿ. ಈ ವಾಸನೆಗೆ ನಮಗೇ ತಡೆಯಕ್ಕಾಗಲ್ಲ, ಎರಡೆರಡು ಮಾಸ್ಕ್ ಹಾಕ್ಕೋತೀವಿ. ಇವ್ರು ಮೂಗಿಗೆ ಸೆರಗೂ ಹಿಡಿಯಲ್ಲ. ಇಂಥೋರು ಸಿಗೋದಕ್ಕೆ ಪುಣ್ಯ ಮಾಡಿರ್ಬೇಕು."

ಗಂಡ ನರ್ಸಮ್ಮನನ್ನು ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ತುಂಬ ಹೊತ್ತು ನೋಡಿದ. ಅವಳಿಗೆ ಓಡಿಹೋಗಬೇಕೆನಿಸಿತು, ಆದರೆ ಅವನ ಭುಜ ಅವಳ ಕೈಯಲ್ಲಿತ್ತು.

ನರ್ಸಮ್ಮ ಟ್ರೇ ತಳ್ಳಿಕೊಂಡು ಹೋದ ಮೇಲೆ ಅವನು ಕೇಳಿದ.

"ನಿಂಗೆ ವಾಸನೆ ಬರಲ್ವಾ?"

ಇಲ್ಲ ಎಂದು ಅವಳು ತಲೆಯಾಡಿಸಿದಳು.

"ಯಾವಾಗಿಂದ?"

"ಜ್ವರ ಬಂದಾಗಿಂದ."

"ಬಂತು ಅಂದ್ಯಲ್ಲ."

"ಬರುತ್ತೆ ಅಂದ್ಕೊಂಡಿದ್ದೆ ರೀ."

ಪಕ್ಕದ ಮಂಚದವನು ನೀರು ಕೇಳುತ್ತಿದ್ದ, ಯಾರೋ ಕೊಟ್ಟರು. ಗಂಡ ಅದನ್ನೇ ನೋಡುತ್ತಿದ್ದವನು ಮತ್ತೆ ಇವಳತ್ತ ತಿರುಗಿದ.

"ಅವತ್ತು ನಾನು ಕೇಳ್ದೆ. ನೀನು ಮೂಸ್ದೆ. ನಂಗೆ ಕೇಳಿಸ್ತು."

ಅವಳು ಅವನ ಭುಜದಿಂದ ಕೈ ತೆಗೆದಳು.

"ಒಂದು ಮಾತು ಹೇಳಿದ್ರೆ ಆಗ್ತಿತ್ತು ಕಣೆ. ನಾನೇ ಎದ್ದು ಬಂದು ಮೂಸ್ತಿದ್ದೆ. ಅದೇನು ದೊಡ್ಡ ಕೆಲ್ಸ? ಇದ್ದಿದ್ದು ನಾಲ್ಕು ಹೆಜ್ಜೆ."

ಅವನು ಗದರಲಿಲ್ಲ. ಗದರಿದ್ದರೆ ತಡೆದುಕೊಳ್ಳುತ್ತಿದ್ದಳು. ಅಷ್ಟು ಹೇಳಿ ಅವನು ಮುಖವನ್ನು ಕಿಟಕಿಯ ಕಡೆ ಮಾಡಿದ. ಅಲ್ಲಿಂದ ಮುಂದೆ ಪಟ್ಟಿ ಬಿಚ್ಚುವಾಗ "ಅಮ್ಮ ಇರ್ಲಿ, ನೀನು ಹೊರಗಿರು" ಎನ್ನುತ್ತಿದ್ದ. ಅತ್ತೆ ಹಲ್ಲು ಕಚ್ಚಿಕೊಂಡು, ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ನಿಲ್ಲುತ್ತಿದ್ದರು.

ಕಾರಿಡಾರಿನ ಬೆಂಚಿನ ಮೇಲೆ ಅವಳು ಅತ್ತೆಗೂ ಹೇಳಿದಳು. ಕೇಳಿಸಿಕೊಂಡ ಅತ್ತೆ ಊಟದ ಡಬ್ಬಿಯನ್ನು ತೊಡೆಯ ಮೇಲಿಂದ ಕೆಳಗಿಟ್ಟರು.

"ನಂಗೊತ್ತಿತ್ತು."

"ಏನತ್ತೆ?"

"ಹಾಲು ಸೀದ ದಿನಾನೇ ಗೊತ್ತಾಯ್ತು. ನಿನ್ನ ಬಾಯಿಂದಾನೇ ಬರ್ಲಿ ಅಂತ ಸುಮ್ಮನಿದ್ದೆ. ಮನೆ ವಿಷ್ಯ ಅಂದ್ಕೊಂಡೆ ಕಣೆ. ಶೆಡ್ಡಲ್ಲಿ ಅದು ಏನು ಮಾಡುತ್ತೆ ಅಂತ ನನ್ನ ಹಾಳು ತಲೆಗೆ ಹೊಳೀಲೇ ಇಲ್ಲ." ಅವರ ಕೈ ಅವರ ಹಣೆಯನ್ನು ಒಂದು ಸಲ ಬಡಿದು ಕೆಳಗೆ ಬಿತ್ತು. "ಅವನಿಗೆ ಇದನ್ನ ಹೇಳ್ಬೇಡ. ಒಬ್ಬಳನ್ನ ಕಳ್ಕೊಂಡಿದ್ದಾನೆ, ಸಾಕು."

ಒಬ್ಬಳನ್ನ ಕಳ್ಕೊಂಡಿದ್ದಾನೆ. ಅತ್ತೆ ಚುಚ್ಚಬೇಕೆಂದು ಹಾಗೆ ಅಂದದ್ದಲ್ಲ, ಇದ್ದದ್ದನ್ನು ಅಂದರು. ಅವಳಿಗೆ ಅದು ಎದೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಅವಳು ಬಸ್ ಡಿಪೋಗೆ ಹೋದಳು. ಡ್ರೈವರ್ ಈಗ ಬಸ್ಸು ಓಡಿಸುತ್ತಿಲ್ಲ, ಕೈ ನಡುಗುತ್ತದೆ ಎಂದು ತಾನೇ ಕೇಳಿಕೊಂಡು ಬಸ್ಸು ತೊಳೆಯುವ ಕಡೆ ಹಾಕಿಸಿಕೊಂಡಿದ್ದಾನೆ ಎಂದು ಯಾರೋ ಹೇಳಿದರು. ರಬ್ಬರ್ ಬೂಟು ಹಾಕಿಕೊಂಡು ನೀರಿನ ಪೈಪು ಹಿಡಿದಿದ್ದವನು ಇವಳನ್ನು ಕಂಡ ಕೂಡಲೇ ನಲ್ಲಿ ನಿಲ್ಲಿಸಿ ಓಡಿ ಬಂದ.

"ಭಾವ ಹೇಗಿದ್ದಾರೆ ಅಕ್ಕ? ನಾನು ಬರ್ಬೇಕು ಬರ್ಬೇಕು ಅಂತಾನೇ... ಗೇಟಿನ ತನಕ ಬಂದು ವಾಪಸ್ ಹೋಗಿದ್ದೀನಿ. ಯಾವ ಮುಖ ಇಟ್ಕೊಂಡು ಬರ್ಲಿ?"

ಅವಳು ನಿಂತಲ್ಲೇ ಹೇಳಿದಳು. ಸುತ್ತಿ ಬಳಸದೆ, ಮೊದಲಿಂದ ಕೊನೆಯವರೆಗೆ, ಜ್ವರ, ಡಾಕ್ಟರು, ಕಾಗದ, ಎರಡು ಸಲದ ಉಸಿರು.



"ನಾನು ಹೇಳಿದ್ದೆ ಅಲ್ವಾ ಅಕ್ಕ? ಪೆಟ್ರೋಲ್ ವಾಸನೆ ಬರ್ತಿದೆ ಅಂತ ಹೇಳಿದ್ದೆ ಅಲ್ವಾ?"

"ಹೇಳಿದ್ದೆ."

"ನಾನು ಹೇಳೇ ಇಲ್ಲ, ಆಮೇಲೆ ನನ್ನ ಮನಸ್ಸೇ ಕಟ್ಕೊಂಡಿದ್ದು ಅಂದ್ಕೊಂಡಿದ್ದೆ. ನನ್ನ ಹೆಂಡ್ತಿಗೆ ಹೇಳಿದ್ರೆ ಅವಳೂ ನಂಬ್ಲಿಲ್ಲ. ಮೂಗಕ್ಕನಿಗಿಂತ ನಿಮ್ಮ ಮೂಗು ದೊಡ್ಡದಾ ಅಂದ್ಲು." ಅವನ ಮುಖ ಕಿವುಚಿತು. ಒದ್ದೆ ಕೈಯಿಂದಲೇ ಕಣ್ಣು ಒರೆಸಿಕೊಂಡ. "ಸ್ಟೇರಿಂಗ್ ಹಿಡಿದ್ರೆ ಭಾವನ ಕೈ ಕಾಣ್ತಿತ್ತು ಅಕ್ಕ ನಂಗೆ. ನೀವು ನೋಡ್ಕೊಂಡು ಸುಮ್ಮನಿದ್ರಿ."

"ತಪ್ಪಾಯ್ತು ಕಣಪ್ಪ."

"ಪೈಪು ನಂದೇ. ಅದು ನಂಗೊತ್ತು. ಅದಕ್ಕೆ ಭಾವನ ಕಾಲು ಬೇಕಾದ್ರೂ ಹಿಡೀತೀನಿ. ಆದ್ರೆ ನಿಮ್ಮನ್ನ ಇನ್ನು ಅಕ್ಕ ಅಂತ ಕರೆಯೋಕಾಗಲ್ಲ. ಹೋಗಿ."

ಅವನು ತಿರುಗಿ ಹೋಗಿ ನಲ್ಲಿ ಬಿಟ್ಟ. ಅವಳ ಚಪ್ಪಲಿಯವರೆಗೆ ನೀರು ಹರಿದು ಬಂತು. ಕೆಲ ದಿನಗಳಲ್ಲಿ ಯಾರನ್ನೋ ಕಳಿಸಿ ಸುಟ್ಟ ಕಾರನ್ನು ಗುಜರಿಗೆ ಎಳೆಸಿಕೊಂಡು ಹೋದ.

ಗಂಡ ಮನೆಗೆ ಬಂದ. ಎಡಗೈಯ ಎರಡು ಬೆರಳು ಆಸ್ಪತ್ರೆಯಲ್ಲೇ ಹೋಗಿದ್ದವು. ಉಳಿದವು ಒಳಕ್ಕೆ ಸೆಳೆದುಕೊಂಡು, ಏನನ್ನೋ ಹಿಡಿಯಲು ಹೊರಟು ಮರೆತಂತೆ ಅರ್ಧ ಬಾಗಿ ನಿಂತಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳಲಾಗದು, ಲೋಟ ಎತ್ತಲು ಎರಡೂ ಕೈ ಬೇಕು. ಬೆಸುಗೆಯ ಮಾತೇ ಇಲ್ಲ. ತನ್ನ ಹಾಸಿಗೆಯನ್ನು ತಾಯಿಯ ಕೋಣೆಯಲ್ಲಿ ಹಾಕಿಸಿಕೊಂಡ. ಹೆಂಡತಿಯೊಡನೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಅದೂ ಒಂದು ಮಾತಾಗುತ್ತಿತ್ತು. ನೀರು ಬೇಕು, ಬಾಗಿಲು ಹಾಕು, ಕರೆಂಟ್ ಹೋಯ್ತು, ಇಷ್ಟು ಆಡುತ್ತಿದ್ದ.

ಶೆಡ್ಡನ್ನು ಅವಳೊಬ್ಬಳೇ ತೆರೆದಳು. ಕಪ್ಪು ಗೋಡೆಗೆ ಸುಣ್ಣ ಬಳಿಸಲಿಲ್ಲ. ಬಂದವರಿಗೆ ಮೊದಲ ಮಾತು ಅದೇ: "ನಂಗೆ ವಾಸನೆ ಬರಲ್ಲ. ಒತ್ತಡ ಹೊಂದಿಸಿ ಕೊಡ್ತೀನಿ, ಮುಗಿಯೋ ತನಕ ಮೂಗು ಸರಿ ಇರೋರು ಒಬ್ರು ಇಲ್ಲಿ ನಿಂತಿರ್ಬೇಕು. ಆಗುತ್ತಾ?" ಕೆಲವರು ತಮಾಷೆ ಎಂದುಕೊಂಡು ನಕ್ಕು, ಆಮೇಲೆ ಗೋಡೆ ನೋಡಿ ಗಾಡಿ ತಿರುಗಿಸಿದರು. ಕೆಲವರು ನಿಂತರು. ಎಲ್ಲ ಹಳೆಯ ಪೈಪುಗಳನ್ನೂ ಬದಲಾಯಿಸದೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಬಾಯಿ ಮೊದಲಿನ ಹಾಗೆ ಆಡುತ್ತಿರಲಿಲ್ಲ. ಈಗ ಹೊಸಬರು ಅವಳನ್ನು ನಿಜವಾಗಿಯೂ ಮಾತು ಬಾರದವಳು ಎಂದುಕೊಂಡರೆ ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಕೈಗೆ ವ್ಯಾಯಾಮ ಮಾಡಿಸಲು ವಾರಕ್ಕೊಮ್ಮೆ ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅತ್ತೆಗೆ ಮಂಡಿನೋವು ಹೆಚ್ಚಾದ ಮೇಲೆ ಆ ಕೆಲಸ ಇವಳ ಪಾಲಿಗೇ ಬಂತು. ಅವನು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತ.

ಹಾಗೆ ಹೋದ ಒಂದು ಬೆಳಿಗ್ಗೆ ಬಂದ ಬಸ್ಸು ಕಿಕ್ಕಿರಿದಿತ್ತು. ಹತ್ತಿದ ಮೇಲೆ ನೋಡುತ್ತಾಳೆ, ಸ್ಟೇರಿಂಗಿನ ಹಿಂದೆ ಅದೇ ಡ್ರೈವರ್. ಅವನು ಮತ್ತೆ ಬಸ್ಸು ಹಿಡಿದಿದ್ದು ಅವಳಿಗೆ ತಿಳಿದಿರಲಿಲ್ಲ. ಅವನ ಕಣ್ಣು ಅವಳ ಮುಖ ದಾಟಿ ಗಂಡನ ಕೈಗಳ ಮೇಲೆ ನಿಂತಿತು.

"ಭಾವ."

"ಹೂಂ ಕಣೋ," ಎಂದ ಗಂಡ. "ಓಡಿಸ್ತಿದ್ದೀಯಾ? ಒಳ್ಳೇದಾಯ್ತು."

ಡ್ರೈವರ್ ಹಿಂದಕ್ಕೆ ತಿರುಗಿ ಕೂಗಿದ. "ಯಾರಾದ್ರೂ ಒಬ್ರು ಎದ್ದು ಜಾಗ ಕೊಡ್ರಪ್ಪ. ಅವ್ರು ಕಂಬಿ ಹಿಡಿಯಕ್ಕಾಗಲ್ಲ." ಯಾರೂ ಏಳಲಿಲ್ಲ. ಅವನು ಇಂಜಿನ್ ಆರಿಸಿಬಿಟ್ಟ. ಜನ ಗೊಣಗಿದರು, ಒಬ್ಬ ಬೈದ. ಕೊನೆಗೆ ಮುಂದಿನ ಸೀಟಿನ ಮುದುಕಿ ತನ್ನ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಗಂಡ ಕುಳಿತ ಮೇಲೆಯೇ ಬಸ್ಸು ಹೊರಟಿತು.

ಅವಳು ಗಂಡನ ಪಕ್ಕ ಕಂಬಿ ಹಿಡಿದು ನಿಂತಳು. ಡ್ರೈವರ್ ದಾರಿಯುದ್ದಕ್ಕೂ ಅವಳನ್ನು ಮಾತಾಡಿಸಲಿಲ್ಲ. ತಿರುವುಗಳಲ್ಲಿ ಬಸ್ಸು ತುಂಬಿದ ಬಿಂದಿಗೆ ಹೊತ್ತವರ ಹಾಗೆ ಮೆಲ್ಲಗೆ ತಿರುಗುತ್ತಿತ್ತು. ಹಿಂದಿನಿಂದ "ಇಳಿದು ನಡೆದ್ರೆ ಬೇಗ ಹೋಗ್ಬಹುದು" ಎಂದು ಯಾರೋ ಹಂಗಿಸಿದರು. ಆಸ್ಪತ್ರೆಯ ನಿಲ್ದಾಣ ಬಂದಾಗ ಗಂಡ ಏಳಲು ನೋಡಿ, ಹಿಡಿಯಲು ಏನೂ ಸಿಗದೆ, ಮತ್ತೆ ಕುಳಿತ. ಅವಳು ಕೈ ಚಾಚಿ, ಹಿಡಿಯಲೋ ಬೇಡವೋ ಎಂದು ಅರ್ಧದಲ್ಲೇ ತಡೆದಳು. ಅವನು ಒಂದು ಗಳಿಗೆ ಅವಳ ಕೈ ನೋಡಿದ. ಆಮೇಲೆ ತನ್ನ ಮೊಣಕೈಯನ್ನು ಅವಳ ಕಡೆಗೆ ಚಾಚಿದ.

"ಇಲ್ಲಿ ಹಿಡಿ," ಎಂದ. "ಕೈ ಮುಟ್ಬೇಡ, ನೋಯುತ್ತೆ."

ಅವಳು ಮೊಣಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು.